ಲೇಡಿ ಡೊರೊಥಿಯ ಕಡೆಯ ಎಂಟು ಹಾಳೆ

ಕಂತು ಹನ್ನೊಂದು

“ಮುಟ್ಟೂಕಿಂತ ಮದಲ ಕೈ ತೊಳ್ಕೊಂಡು ಬರ್ರಿ, ಮೇಡಂ,” ಎಂದರು ವೀರಭದ್ರಪ್ಪನವರು.

ತೊಳೆದುಕೊಂಡು ಬಂದೆ. ಹದಿಮೂರು ವರ್ಷದ ಹಿಂದೆ ನನ್ನ ಅಪ್ಪನ ಕೈಗೆ ಬೇಡಿ ಹಾಕಿಸಿದ ಮನುಷ್ಯ ಈಗ ನನ್ನ ಕೈಯ ಕೊಳೆಯ ಬಗ್ಗೆ ಚಿಂತೆ ಮಾಡುತ್ತಿದ್ದ. ಮೈಯೆಲ್ಲ ಉರಿಯಿತು. ಆದರೂ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತಿಕ್ಕಿ, ಬಿಳಿ ಟವೆಲ್ಲಿಗೆ ಒರೆಸಿಕೊಂಡು ಎದುರಿಗೆ ಕೂತೆ. ಸೇಡು ತೀರಿಸಿಕೊಳ್ಳಲು ಬಂದವಳು ಅಷ್ಟಾದರೂ ಮಡಿಯಿಂದ ಇರಬೇಡವೇ.

ನಾನು ಯಾರ ಮಗಳೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ತಮ್ಮ ಹತ್ತಿರವಿದ್ದ ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ಅವರು ಮ್ಯೂಸಿಯಮ್ಮಿಗೆ ದಾನ ಕೊಡುವುದಿತ್ತು. ಅಸಲಿಯೋ ನಕಲಿಯೋ ನೋಡಿಸಿಕೊಡಿ ಎಂದು ಆ ಕಡೆಯವರು ಕೇಳಿದ್ದರು. ಮ್ಯೂಸಿಯಮ್ಮಿನ ಲಾಯರ್ ಶ್ರೀಲಕ್ಷ್ಮಿ ನನ್ನನ್ನು ಕಳಿಸಿದ್ದರು. ಸನತ್‌ನಗರದ ಶಾಂಭವಿ, ಹಳೆಯ ಕಾಗದಪತ್ರ ಪರೀಕ್ಷೆ ಮಾಡುವವಳು, ಅದಕ್ಕೂ ಮುಂಚೆ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಕೂದಲೆಳೆಯಷ್ಟು ತಪ್ಪು ಹುಡುಕಿ ಸಂಬಳ ತಿಂದವಳು. ಇಷ್ಟೇ ಅವರಿಗೆ ಗೊತ್ತಿದ್ದದ್ದು. ನನ್ನ ಮಾತಿನ ಧಾಟಿ ಕೇಳಿ ನಮ್ಮ ಕಡೆಯವಳೇ ಎಂದು ಹಿಗ್ಗಿ ಚಹಾ ತರಿಸಿದ್ದರು. ಅದು ಆರಿ ಕೆನೆಗಟ್ಟುತ್ತಿತ್ತು. ಆ ಮನೆಯ ಚಹಾ ನಾನು ಕುಡಿಯುವವಳಲ್ಲ.

ಮನೆಯೇನು, ಅವರ ಔಷಧಿ ಕಾರ್ಖಾನೆಯ ಮೇಲುಮಹಡಿ ಅದು. ಕಿಟಕಿ ಭದ್ರವಾಗಿ ಮುಚ್ಚಿದ್ದರೂ ಪಟಾನ್‌ಚೆರುವಿನ ಕಾರ್ಖಾನೆಗಳ ಕಹಿ ವಾಸನೆ ನುಸುಳಿ ಬಂದು ನಾಲಗೆಯ ಮೇಲೆ ಕೂರುತ್ತಿತ್ತು. ಗೋಡೆಯುದ್ದಕ್ಕೂ ಗಾಜಿನ ಬೀರು. ಮೇಜಿನ ಮೇಲೆ, ಹಸಿರು ಬಟ್ಟೆಯ ಮೇಲೆ, ಲೇಡಿ ಡೊರೊಥಿ ಹ್ಯಾಲೊಬಿಯ ಮನೆಪುಸ್ತಕ.

ಅದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ನಮ್ಮ ಮನೆ ಮುರಿದ ಪುಸ್ತಕ ಇಷ್ಟು ಚಿಕ್ಕದೇ ಎಂದು ಆಶ್ಚರ್ಯವಾಯಿತು. ಎರಡೂ ಅಂಗೈ ಜೋಡಿಸಿದರೆ ಮುಚ್ಚಿಹೋಗುವಷ್ಟು.

ಡೊರೊಥಿ ಸುಮಾರು ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊಡ್ಡ ಮನೆತನದಲ್ಲಿ ಹುಟ್ಟಿದವಳು. ಹದಿನಾರಕ್ಕೆ ಮದುವೆ, ಹನ್ನೊಂದು ಹೆರಿಗೆ. ಅವರ ದೇಶದ ಒಳಜಗಳದ ಯುದ್ಧದಲ್ಲಿ, 1644ರಲ್ಲಿ, ಗಂಡ ಸತ್ತ. ಹೆಣ ಮನೆಗೆ ಬರುವ ಮುಂಚೆ ಮೈದುನ ಸರ್ ರಾಲ್ಫ್ ಬಂದು ಕೂತ. ಅವನು ಕತ್ತಿ ಎತ್ತಲಿಲ್ಲ, ಬುದ್ಧಿವಂತ. ಊರ ಚರ್ಚಿನ ದಾಖಲೆ ಪುಸ್ತಕದಿಂದ ಒಂದೇ ಒಂದು ಹಾಳೆ ಹರಿದು ತೆಗೆಸಿದ. ಅಣ್ಣನ ಮಕ್ಕಳ ನಾಮಕರಣ ಬರೆದಿದ್ದ ಹಾಳೆ. ಹೆಸರೇ ಇಲ್ಲದ ಮೇಲೆ ಮಕ್ಕಳೆಲ್ಲಿ, ವಾರಸುದಾರನೆಲ್ಲಿ, ಮನೆ ಜಮೀನು ಎಲ್ಲ ತನ್ನದೇ ಎಂದ.

ಡೊರೊಥಿ ಸೆರಗು ಬಾಯಿಗೆ ಹಿಡಿದು ಅಳುವ ಪೈಕಿ ಅಲ್ಲ. ಕಷಾಯ, ಮುರಬ್ಬ, ಗುಲಾಬಿ ನೀರು ಇಳಿಸುವ ಬಗೆ ಬರೆದಿಡುತ್ತಿದ್ದ ತನ್ನ ಮನೆಪುಸ್ತಕದ ಕಡೆಯ ಎಂಟು ಹಾಳೆಯಲ್ಲಿ ಹನ್ನೊಂದು ಮಕ್ಕಳ ಹೆಸರನ್ನೂ ಬರೆದಳು. ಯಾವ ದಿನ ಹುಟ್ಟಿದ್ದು, ಯಾವ ಕೋಣೆಯಲ್ಲಿ, ಸೂಲಗಿತ್ತಿ ಯಾರು, ಹೊರಗೆ ಮಂಜಿತ್ತೋ ಬಿಸಿಲಿತ್ತೋ, ಎಲ್ಲ. ಬರೆದದ್ದನ್ನು ಹಿಡಿದುಕೊಂಡು ಹದಿನೇಳು ವರ್ಷ ಕೋರ್ಟು ಅಲೆದಳು, ಗೆದ್ದಳು. ಗೆದ್ದ ಮೇಲೆ ಮೈದುನನನ್ನು ಊರು ಬಿಟ್ಟು ಓಡಿಸಿದಳೇ? ಇಲ್ಲ. ಹೆಬ್ಬಾಗಿಲ ಪಕ್ಕದ ಕಾವಲುಕೋಣೆಯಲ್ಲೇ ಇಟ್ಟುಕೊಂಡಳು. ಪ್ರತಿ ಭಾನುವಾರ ಚರ್ಚಿನಲ್ಲಿ ಊರವರೆದುರು ಎದ್ದು ನಿಲ್ಲಿಸಿ, ಆ ಹನ್ನೊಂದು ಹೆಸರನ್ನು ಅವನ ಬಾಯಿಂದಲೇ ಓದಿಸಿದಳು. ಅವನು ಸಾಯುವವರೆಗೆ, ಒಂಬತ್ತು ವರ್ಷ ಓದಿಸಿದಳು.

ನಮ್ಮ ಮನೆದೇವರ ಪಕ್ಕದಲ್ಲಿ ಅವಳದೊಂದು ಫೋಟೋ ಇಡಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ಅವಳ ವಂಶದವನೊಬ್ಬ ಕೋಠಿಯ ರೆಸಿಡೆನ್ಸಿಗೆ ಅಧಿಕಾರಿಯಾಗಿ ಬಂದ. ಪೆಟ್ಟಿಗೆಯಲ್ಲಿ ಪುಸ್ತಕವೂ ಬಂತು. ಅವನು ಇಲ್ಲೇ ಸತ್ತ, ಪುಸ್ತಕ ಇಲ್ಲೇ ಉಳಿಯಿತು. ಕೊನೆಗೆ ಕೋಠಿಯ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ ವೀರಭದ್ರಪ್ಪನವರ ಕೈಗೆ ಸಿಕ್ಕಿತು. 2012ರಲ್ಲಿ ಅದರ ಹೊಲಿಗೆ ಬಿಟ್ಟುಕೊಂಡಿತು. ಅದೇ ಕೋಠಿಯ ಬೈಂಡರ್ ಗುರುಶಾಂತನಿಗೆ, ಅಂದರೆ ನನ್ನ ಅಪ್ಪನಿಗೆ, ಕಟ್ಟಲು ಕೊಟ್ಟರು. ಕಟ್ಟಿ ಬಂದ ಪುಸ್ತಕದಲ್ಲಿ ಕಡೆಯ ಎಂಟು ಹಾಳೆ ಇರಲಿಲ್ಲ.

ಬಿಚ್ಚಿದಾಗಲೇ ಎಂಟು ಹಾಳೆ ಎತ್ತಿಟ್ಟುಕೊಂಡು ಉಳಿದದ್ದನ್ನು ಹೊಲಿದು ಕೊಟ್ಟಿದ್ದಾನೆ ಎಂದರು ಪೊಲೀಸರು. ಅಪ್ಪ ಹನ್ನೊಂದು ತಿಂಗಳು ಜೈಲಿನಲ್ಲಿದ್ದ. ಜಾಮೀನಿನ ಮೇಲೆ ಬಂದವನು ತೀರ್ಪು ಬರುವ ಮುಂಚೆ ಎದೆ ಹಿಡಿದುಕೊಂಡು ಹೋದ. ಆರೋಪಿ ಸತ್ತ ಎಂದು ಕೋರ್ಟು ಕಡತ ಮುಚ್ಚಿತು. ಕಳ್ಳ ಎನ್ನುವ ಹೆಸರನ್ನು ಯಾರೂ ಮುಚ್ಚಲಿಲ್ಲ. ಅವನ ಜೊತೆಗಾರ ಅಮರಯ್ಯ ಕಾಕಾ, ಅಪ್ಪ ಜೈಲಿಗೆ ಹೋದ ವಾರವೇ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ.

ಇಪ್ಪತ್ತೆರಡು ದಿನದ ಹಿಂದೆ ಕಳೆದುಹೋದ ಎಂಟರಲ್ಲಿ ಒಂದು ಹಾಳೆ ಅಂಚೆಯಲ್ಲಿ ನನ್ನ ಹೆಸರಿಗೆ ಬಂತು. ಕಳಿಸಿದವರ ಹೆಸರಿಲ್ಲ. ಲಕೋಟೆಗೆ ಹಚ್ಚಿದ್ದ ಅಂಟು ಒಣಗಿ ತುಸು ಹಸಿರಾಗಿತ್ತು. ಮೈದಾಕ್ಕೆ ಮೈಲುತುತ್ತ ಹಾಕಿ ಕುದಿಸಿದ, ಬೈಂಡರುಗಳು ಬಳಸುವ ಅಂಟು. ಅಮರಯ್ಯನ ಅಂಗಡಿಯದು ಎಂದು ಮೂಸಿಯೇ ಹೇಳಿದೆ. ಆ ಅಂಟನ್ನು ಕುದಿಸಿ ಕೊಡುವವಳು ನಮ್ಮವ್ವ ಗದಿಗೆಮ್ಮ. ಗಂಡನ ಹೆಸರು ಅಳಿಸಿದವನ ಅಂಗಡಿಗೆ ಇವತ್ತಿಗೂ ಅಂಟು ಕಳಿಸುತ್ತಾಳೆ. ಹೊಟ್ಟೆ ಕೇಳಬೇಕಲ್ಲ.

ಈಗ ಅದೇ ಅಮರಯ್ಯನ ಅಂಗಡಿಗೆ ನಾಳೆ ಬೆಳಿಗ್ಗೆ ಈ ಪುಸ್ತಕ ಹೋಗುವುದಿತ್ತು. ದಾನ ಕೊಡುವ ಮುಂಚೆ ಹೊಸ ರಟ್ಟು, ಹೊಸ ಹೊಲಿಗೆ. ಅಪ್ಪ ಹಾಕಿದ್ದನ್ನೆಲ್ಲ ಕಿತ್ತು ಬಿಸಾಡುತ್ತಾರೆ. ಅಂದರೆ ಅಪ್ಪನ ಹೆಸರಿನ ಕಳಂಕ ತೊಳೆಯಲು ನನಗಿದ್ದದ್ದು ಅವತ್ತಿನ ಮಧ್ಯಾಹ್ನ ಒಂದೇ.

ಹೊರಡುವಾಗ ಎಲ್ಲಿಗೆ, ಯಾಕೆ ಎಂದು ಅವ್ವನಿಗೆ ಹೇಳಿದ್ದೆ. ಅವಳು ಒಲೆಯ ಮುಂದೆ ಕೂತು ಅಂಟು ಕಲಕುತ್ತಿದ್ದಳು. ತಲೆ ಎತ್ತದೆ, ದಿನಾ ಹೇಳುವ ಮಾತನ್ನೇ ಹೇಳಿದಳು. ಕಳ್ಳ ಸಿಗುವ ತನಕ ತಾನು ಸಾಯುವುದಿಲ್ಲ ಎಂದಳು.

*

ಪುಸ್ತಕವನ್ನು ನಾನು ಹಿಂದಿನಿಂದ ತೆರೆದೆ. ವೀರಭದ್ರಪ್ಪನವರು ನಕ್ಕರು. ಇಂಗ್ಲಿಷ್ ಪುಸ್ತಕವನ್ನು ಮುಂದಿನಿಂದ ನೋಡಬೇಕು ಎಂದರು.

ಬಲಕ್ಕೆ ಅಪ್ಪ ಹಾಕಿದ ಹೊಸ ಕಾಗದ, ರಟ್ಟಿಗೆ ಅಂಟಿಸಿದ್ದು. ಎಡಕ್ಕೆ ಗುಲಾಬಿ ನೀರು ಇಳಿಸುವ ಬಗೆ. ನಡುವೆ ಎಂಟು ಹಾಳೆ ಇರಬೇಕಿತ್ತು. ಹೊಸ ಕಾಗದದ ಎಡ ಅಂಚಿನಲ್ಲಿ, ಹೊಲಿಗೆಯ ಮಡಿಕೆಗೆ ತಾಗಿದಂತೆ, ಕಪ್ಪು ಶಾಯಿಯ ಒಂದು ಚಿಕ್ಕ ಗೀರಿತ್ತು. ಕೆಳಗೆ ಎರಡು ಚುಕ್ಕೆ. ಹುಡುಕಿದವರಿಗೆ ಮಾತ್ರ ಕಾಣುವಂಥದ್ದು.

ಇದೇನು ಎಂದು ಕೇಳಿದೆ. ಬೈಂಡರ್ ಬೀಳಿಸಿದ ಶಾಯಿ ಇರಬೇಕು, ಆ ಮನುಷ್ಯನಿಗೆ ಯಾವುದರಲ್ಲೂ ಶುದ್ಧಿ ಇರಲಿಲ್ಲ ಎಂದರು.

ನಾನು ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯೊಳಗಿನ ಹಾಳೆ ತೆಗೆದೆ. ಅದನ್ನು ಆ ಹೊಸ ಕಾಗದದ ಎಡಕ್ಕೆ, ಅದು ಇರಬೇಕಾದ ಜಾಗಕ್ಕೆ, ಸರಿಸಿ ಇಟ್ಟೆ. ಹಾಳೆಯ ಅಂಚಿನಲ್ಲಿ ಅದೇ ಶಾಯಿ, ಅದೇ ಕಲಮು, ಉರ್ದು ಅಕ್ಷರ. ಬಲದಿಂದ ಎಡಕ್ಕೆ ಸಾಲು ಪೂರ್ತಿಯಾಯಿತು. ಬಲಗಡೆಯ ಕಾಗದದಲ್ಲಿ ‘ಯಾ’, ಎಡಗಡೆಯ ಹಾಳೆಯಲ್ಲಿ ‘ಕಬೀಕಜ್’. ಮಡಿಕೆಯ ಮೇಲೆ ಒಂದು ಅಕ್ಷರದ ಬಾಲ ಅರ್ಧ ಅಲ್ಲಿ, ಅರ್ಧ ಇಲ್ಲಿ.

ವೀರಭದ್ರಪ್ಪನವರು ಹಾಳೆಯನ್ನು ಗುರುತು ಹಿಡಿದರು. ಹಿಡಿಯದೆ ಇರುತ್ತಾರೆಯೇ? ಹದಿಮೂರು ವರ್ಷ ಇದಕ್ಕಾಗಿ ಬಾಯಿ ಬಾಯಿ ಬಡಿದುಕೊಂಡವರು. ಎದ್ದು ನಿಂತು, ಮತ್ತೆ ಕೂತು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಇದು ನಿಮ್ಗೆಲ್ಲಿ ಸಿಕ್ತು?”

“ನಾ ಗುರುಶಾಂತನ ಮಗಳ್ರಿ, ಸಾವ್ಕಾರ್ರ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಅವರ ಹೆಗಲನ್ನೇ ನೋಡುತ್ತಿದ್ದೆ. ಅವರು ಮುಟ್ಟಿಕೊಳ್ಳಲಿಲ್ಲ. ನನ್ನ ಮುಖವನ್ನು ದಿಟ್ಟಿಸಿ, ಅಪ್ಪನ ಮೂಗನ್ನೋ ಹಣೆಯನ್ನೋ ಹುಡುಕಿ, ಸಿಕ್ಕ ಮೇಲೆ ಕಣ್ಣು ತಗ್ಗಿಸಿದರು.

ಹೇಳಿದೆ, ನಿಧಾನವಾಗಿ, ಒಂದೊಂದೇ ಮಾತು. ನಮ್ಮಪ್ಪ ಆಳಂದದ ಕಡೆಯಿಂದ ಬಂದ ಲಿಂಗಾಯತರ ಹುಡುಗ. ಕೆಲಸ ಕಲಿತದ್ದು ಕೋಠಿಯ ಒಬ್ಬ ಉರ್ದು ಉಸ್ತಾದರ ಹತ್ತಿರ. ‘ಯಾ’ ಎಂದರೆ ‘ಓ’, ಕಬೀಕಜ್ ಎಂದರೆ ಹುಳುಗಳ ಅರಸ. ಅವನ ಹೆಸರು ಹಿಡಿದು ಕರೆದು ಬರೆದ ಪುಸ್ತಕಕ್ಕೆ ಗೆದ್ದಲು ಬರುವುದಿಲ್ಲ, ಹಾಳೆ ಕಿತ್ತವನ ಮನೆಗೆ ಬರುತ್ತದೆ ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ಅಪ್ಪ ಎದೆಯ ಮೇಲೆ ಲಿಂಗ ಕಟ್ಟಿಕೊಂಡೇ ಜೀವಮಾನವೆಲ್ಲ ಅದನ್ನು ಬರೆದ. ಪುಸ್ತಕದ ಮೊದಲ ಹಾಳೆಗೂ ರಟ್ಟಿನ ಕಾಗದಕ್ಕೂ ಸೇರಿಸಿ, ಮಡಿಕೆಯ ಮೇಲೆ ಹಾಯುವಂತೆ, ಎಲ್ಲ ಕೆಲಸ ಮುಗಿದ ಮೇಲೆ ಕಡೆಗೊಮ್ಮೆ. ಉರ್ದು ಪುಸ್ತಕ ಕಟ್ಟಿ ಕೈ ಪಳಗಿದವನಿಗೆ ಮೊದಲ ಹಾಳೆ ಎಂದರೆ ನಮ್ಮ ಕೊನೆಯ ಹಾಳೆ. ಇಂಗ್ಲಿಷ್ ಪುಸ್ತಕವೆಂಬುದನ್ನೂ ಮರೆತು ತನ್ನ ರೂಢಿಯಂತೆ ಹಿಂದೆಯೇ ಬರೆದಿದ್ದ. ಪೊಲೀಸರು, ಲಾಯರು, ಎಲ್ಲರೂ ಮುಂದಿನಿಂದ ತೆರೆದು ನೋಡಿದರು.

“ಬಿಚ್ಚಿದಾಗ ಕದ್ದಾನ ಅಂದ್ರಲ್ರಿ ಕೋರ್ಟಿನ್ಯಾಗ. ಕಟ್ಟಿ ಮುಗಿಸಿ ಬರಿಯೂ ಹೊತ್ತಿಗೂ ಹಾಳಿ ಇಲ್ಲೇ ಇತ್ತು. ನೀವು ನನ್ನಪ್ಪನ ಸುಳ್ಳು ಸುಳ್ಳೇ ಕೊಂದ್ರಿ.”

ಕೆಳಗೆ ಎರಡು ಗಂಟೆಯ ಪಾಳಿಯ ಸೈರನ್ ಕೂಗಿತು. ಕೂಗು ನಿಂತ ಮೇಲೆ ಅವರು, ವ್ಯಾಪಾರ ಮಾಡಿ ಮಾಡಿ ಗಟ್ಟಿಯಾದ ದನಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಬರೆದು ಮುಗಿಸಿದ ಮೇಲೆ ತೆಗೆದಿರಬಾರದೇಕೆ? ಶುಕ್ರವಾರ ಮುಗಿಯಿತು ಎಂದು ಗುರುಶಾಂತ ಫೋನು ಮಾಡಿದ್ದ. ಅಂಟು ಕೂತುಕೊಳ್ಳಲಿ, ಮೂರು ದಿನ ಕಲ್ಲಿನ ಅಡಿ ಇಟ್ಟು ಕೊಡುತ್ತೇನೆ ಎಂದಿದ್ದ. ಸೋಮವಾರ ತಂದುಕೊಟ್ಟ. ಆ ಮೂರು ದಿನ ಪುಸ್ತಕ ಅವನ ಹತ್ತಿರವೇ ಇತ್ತಲ್ಲ?

ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮುದ್ರೆ ಒತ್ತಿದ ಹಾಗೆ ಎರಡು ಕಾಗದಕ್ಕೂ ಸೇರಿಸಿ ಬರೆದವನು ತಾನೇ ಒಂದನ್ನು ಕಿತ್ತು ಇನ್ನೊಂದರಲ್ಲಿ ಸಾಕ್ಷಿ ಬಿಡುತ್ತಾನೆಯೇ ಎಂದೆ. ಅವರು ತಲೆ ಅಲ್ಲಾಡಿಸಿದರು. ಅದು ವಾದವಾಯಿತು, ಪುರಾವೆಯಲ್ಲ ಎಂದರು.

“ಪುರಾವೆ ಇದರ ಬೆನ್ನಾಗೈತ್ರಿ. ನಿಮ್ಮ ಮಂದಿ ಬ್ಲೇಡ್ ಹಾಕಿರ್ತಾರ. ಅಪ್ಪ ಬ್ಲೇಡ್ ಹಾಕೂ ಮನ್ಷ್ಯಾ ಅಲ್ಲ. ಬಿಚ್ಚಿ ತೋರಸ್ತೀನಿ. ಆದ್ರ ಅದಕಿಂತ ಮದಲ ನೀವು ಬರಕೊಡ್ರಿ.”

“ಏನ್ ಬರಿಬೇಕು?”

ನಾನು ಹೇಳಿಬರೆಸಿದೆ. ಹನ್ನೆರಡು ವರ್ಷ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತುಗಳು, ಒಂದು ಕಡೆಯೂ ತಡವರಿಸಲಿಲ್ಲ. ಗುರುಶಾಂತನ ಕೈಯಿಂದ ಹಾಳೆ ಹೋಗಿಲ್ಲವೆಂದು ತೋರಿಸಿದರೆ ಕೋಠಿಯ ಅವನ ಅಂಗಡಿಯ ಮುಂದೆ ನಿಂತು, 'ಗುರುಶಾಂತ ಕಳ್ಳನಲ್ಲ' ಎಂದು ನಾನೇ ಓದುತ್ತೇನೆ. ನಿಜವಾದ ಕಳ್ಳ ಯಾರೇ ಇರಲಿ, ನನ್ನ ಮಗನೇ ಇರಲಿ, ಅವರ ಮೇಲೆ ನಾನೇ ದೂರು ಕೊಡುತ್ತೇನೆ, ಶಿಕ್ಷೆಯಾಗುವ ತನಕ ಹಿಂದೆ ಸರಿಯುವುದಿಲ್ಲ. ಕಳ್ಳರ ಹೆಸರು ಎಂದು ಬರೆದು ಮುಂದೆ ಒಂದು ಸಾಲು ಖಾಲಿ ಬಿಡಿಸಿದೆ. ಆ ಸಾಲನ್ನು ಇವರ ಕೈಯಿಂದಲೇ, ನನ್ನ ಕಣ್ಣೆದುರೇ ತುಂಬಿಸಬೇಕೆಂದು ನನಗೆ ಆಸೆಯಿತ್ತು.

ಅಂಗಿಯ ಗುಂಡಿ ಬಿಚ್ಚಿ ಲಿಂಗ ಮುಟ್ಟಿ ಸಹಿ ಹಾಕಿದರು. ನಾನು ಫೋಟೋ ತೆಗೆದು ಶ್ರೀಲಕ್ಷ್ಮಿಯವರಿಗೆ ಕಳಿಸಿದೆ. ಅವರು ನೋಡಿದ ಗುರುತಾಗಿ ಎರಡು ನೀಲಿ ಟಿಕ್ ಬಂದವು. ಇನ್ನು ವೀರಭದ್ರಪ್ಪನವರಾಗಲಿ ನಾನಾಗಲಿ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸೇಡು ಎನ್ನುವುದು ಬಿಸಿ ಭಜಿಯ ಹಾಗೆ, ಒಂದು ತಿಂದವರು ಎರಡನೆಯದಕ್ಕೆ ಕೈ ಹಾಕದೆ ಇರುವುದಿಲ್ಲ. ಇನ್ನೊಂದು ಹೆಸರು ಓದುವುದು ಬಾಕಿ ಇದೆ ಎಂದೆ.

“ಯಾರ್ದು?”

“ಸಂಗನಬಸ. ನಮ್ಮವ್ವನ ತಮ್ಮ. ಇದೇ ಕಾರ್ಖಾನ್ಯಾಗ ಸತ್ತಾಂವ.”

2010ರಲ್ಲಿ ಕೆಳಗಿನ ಶೆಡ್ಡಿನಲ್ಲಿ ಒಂದು ಕುದಿಯುವ ಟ್ಯಾಂಕು ಒಡೆಯಿತು. ಅವ್ವನ ತವರು ಇಳಕಲ್ಲಿನಿಂದ ದಿನಗೂಲಿಗೆ ಬಂದಿದ್ದ ಸಂಗನಬಸ ಮಾಮಾ ಅಲ್ಲಿದ್ದ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಂಥ ಹೆಸರಿನವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದರು ಕಾರ್ಖಾನೆಯವರು. ಅವ್ವ ಮೂರು ದಿನ ಗೇಟಿನ ಮುಂದೆ ಕೂತಿದ್ದಳು. ಮೂರನೆಯ ದಿನ ಒಳಗೆ ಕರೆದು ಹಾಜರಿ ಪುಸ್ತಕ ತೋರಿಸಿ ಕಳಿಸಿದರು. ಹೆಸರಿರಲಿಲ್ಲ. ನನ್ನ ಅವ್ವನ ಬಾಯಿಂದ ನಾನು ಕೇಳಿದ್ದು ಇಷ್ಟೇ.

ವೀರಭದ್ರಪ್ಪನವರು ಮೇಜಿನ ಮೇಲಿನ ಹಾಳೆಯನ್ನು ನೋಡುತ್ತ ಕೂತರು. ಎಪ್ಪತ್ತಾರು ವರ್ಷದ ಮುದುಕ. ಒಂದು ಸಲ ಬರೆದುಕೊಟ್ಟವರಿಗೆ ಎರಡನೆಯದು ಅಷ್ಟು ಕಷ್ಟವಿಲ್ಲವೋ ಏನೋ, ತಾವಾಗಿಯೇ ಬಾಯಿ ಬಿಟ್ಟರು.

“ಹೆಸರು ಇತ್ತು, ತಂಗಿ. ಆ ಹಾಳಿ ನಾನೇ ಹರದೀನಿ. ನಿಮ್ಮವ್ವ ಹಾಜರಿ ಪುಸ್ತಕದ ನಡುವ ಬಟ್ಟ ಆಡಿಸಿ, ಇಲ್ಲೊಂದು ಹಾಳಿ ಇತ್ತಲ್ರಿ ಸಾವ್ಕಾರ್ರ, ಅಂದ್ಳು. ನಾ ಪುಸ್ತಕ ಮುಚ್ಚಿ ಆಕಿನ್ನ ಹೊರಗ ಕಳಿಸಿದ್ನಿ.”

ಬೈಂಡರನ ಹೆಂಡತಿಗೆ ಹರಿದ ಹಾಳೆಯ ಬುಡ ಗೊತ್ತಾಗದೆ ಇರುತ್ತದೆಯೇ. ಆದರೆ ಈ ಮಾತನ್ನು ಅವ್ವ ನನಗೆ ಯಾವತ್ತೂ ಹೇಳಿರಲಿಲ್ಲ. ಹದಿನೈದು ವರ್ಷ ಹೇಳಿರಲಿಲ್ಲ. ಯಾಕೆ ಎಂದು ಒಂದು ಕ್ಷಣ ಮನಸ್ಸು ತಡೆಯಿತು. ಯೋಚಿಸಲು ಬಿಡುವಿರಲಿಲ್ಲ, ಕೈಯಲ್ಲಿ ಆಗಲೇ ಸೂಜಿ ಹಿಡಿದಿದ್ದೆ. ಎದುರಿಗೆ ಕೂತ ಮನುಷ್ಯ ನಮ್ಮ ಮನೆಯ ಇಬ್ಬರನ್ನು ತಿಂದಿದ್ದ, ಅದಕ್ಕೆ ತಕ್ಕದ್ದು ಇವತ್ತು ಆಗಿಯೇ ತೀರಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಹೆಸರು ಓದಿ ಎಂದೆ. ಓದಿದರು. ಸಂಗನಬಸ, ಇಳಕಲ್ಲು, ವಯಸ್ಸು ಇಪ್ಪತ್ತನಾಲ್ಕು. ಮೂರು ಸಲ ಓದಿಸಿದೆ. ಮೂರನೆಯ ಸಲ ಅವರ ದನಿ ನಡುಗಿತು, ನನಗೆ ತಂಪೆನಿಸಿತು. ಸುಳ್ಳು ಯಾಕೆ ಹೇಳಲಿ.

*

ಪುಸ್ತಕವನ್ನು ಪೂರಾ ಅಗಲಿಸಿ, ಬೆನ್ನಿನ ಅಂಟಿಗೆ ಒದ್ದೆ ಬಟ್ಟೆ ಇಟ್ಟು ಕಾಯ್ದೆ. ಅಂಟು ಮೆತ್ತಗಾದ ಮೇಲೆ ಸೂಜಿಯಿಂದ ಹೊಲಿಗೆಯ ಸಾಲನ್ನು ಒಂದೊಂದಾಗಿ ಎತ್ತಿ, ಟಾರ್ಚು ಹಿಡಿದು, ವೀರಭದ್ರಪ್ಪನವರನ್ನು ಪಕ್ಕಕ್ಕೆ ಕರೆದೆ.

ಹಳೆಯ ಪುಸ್ತಕ ಬಿಡಿ ಬಿಡಿ ಹಾಳೆಯಿಂದ ಆಗಿರುವುದಿಲ್ಲ. ಎಂಟೆಂಟು ಹಾಳೆಯ ಕಟ್ಟುಗಳು. ಜುಜ್ ಎನ್ನುತ್ತಾರೆ ಕೋಠಿಯವರು. ಒಂದು ಜುಜ್ಜಿನಿಂದ ಇನ್ನೊಂದಕ್ಕೆ ದಾರ ಹಾಯ್ದು ಹೋಗುತ್ತದೆ. ದಾರ ಮುಗಿದ ಕಡೆ ಹೊಸ ದಾರಕ್ಕೆ ಗಂಟು. ಈ ಪುಸ್ತಕದ ಹೊಲಿಗೆಗೆ ಅಪ್ಪ ಯಾರನ್ನೂ ಮುಟ್ಟಗೊಟ್ಟಿರಲಿಲ್ಲ, ಪೂರಾ ನಾನೇ ಹೊಲಿದೆ ಎಂದು ಕೋರ್ಟಿನಲ್ಲೂ ಹೇಳಿದ್ದ. ಅವನ ಗಂಟುಗಳು ಒಂದೊಂದೇ ಸಿಕ್ಕವು. ಚಪ್ಪಟೆ ಗಂಟು, ಮೇಣ ಸವರಿ ಹೆಬ್ಬೆರಳಿನಲ್ಲಿ ಒತ್ತಿದ್ದು. ಐದು ಗಂಟು, ಐದೂ ಒಂದೇ ತರಹ. ಅವನ ಕೈ ಹಿಡಿದುಕೊಂಡಂತೆ ಒಂದೊಂದನ್ನೂ ಬೆರಳಿನಿಂದ ಸವರಿದೆ.

ಇನ್ನು ಕಡೆಯ ಜಾಗ. ಇಲ್ಲಿ ಬ್ಲೇಡಿನ ಕಚ್ಚು ಇರುತ್ತದೆ, ಕೊಯ್ದ ಹಾಳೆಯ ಬುಡ ಎಂಟು ಕಡ್ಡಿಯಂತೆ ನಿಂತಿರುತ್ತದೆ ನೋಡಿ ಎಂದು ವೀರಭದ್ರಪ್ಪನವರಿಗೆ ಹೇಳಿ, ಸೂಜಿ ಹಾಕಿ ಎತ್ತಿದೆ.

ಬುಡ ಇರಲಿಲ್ಲ. ಕಚ್ಚೂ ಇರಲಿಲ್ಲ.

ಯಾರೋ ಜುಜ್ಜಿನ ನಡುವಿನ ದಾರ ಕತ್ತರಿಸಿ, ಎಂಟೂ ಹಾಳೆಯನ್ನು ಒಂದಕ್ಕೂ ಗಾಯವಾಗದಂತೆ ಹೊರಗೆ ಜಾರಿಸಿದ್ದರು. ಆಮೇಲೆ ಕತ್ತರಿಸಿದ ದಾರದ ಎರಡು ತುದಿಯನ್ನು ಮತ್ತೆ ಕೂಡಿಸಿದ್ದರು, ಪುಸ್ತಕ ಸಡಿಲವಾಗದಿರಲಿ ಎಂದು. ಪೊಲೀಸರಿಗೆ ಇದು ಬಿಚ್ಚಿದಾಗಲೇ ಕದ್ದ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಟಾರ್ಚು ಹತ್ತಿರ ಹಿಡಿದೆ. ಅಪ್ಪನ ಗಂಟು ಅಲ್ಲವೇ ಅಲ್ಲ. ಅಮರಯ್ಯ ಕಾಕಾನದೂ ಅಲ್ಲ, ಅವನ ಗಂಟು ಕಡಲೆಕಾಳಿನಷ್ಟು ಉಬ್ಬುತ್ತದೆ. ಅದು ಗಂಟೇ ಆಗಿರಲಿಲ್ಲ. ಒಂದು ತುದಿಯ ಕುಣಿಕೆಯೊಳಗೆ ಇನ್ನೊಂದು ತುದಿಯ ಕುಣಿಕೆ ಸಿಕ್ಕಿಸಿ, ಎಳೆದು, ಎಳೆಯನ್ನು ಹಿಂದಕ್ಕೆ ಹೊಸೆದುಬಿಟ್ಟಿದ್ದರು. ಬೆರಳಾಡಿಸಿದರೂ ಎಲ್ಲಿ ಕೂಡಿದೆ ಎಂದು ತಿಳಿಯುವುದಿಲ್ಲ.

ಇದಕ್ಕೆ ಕೊಂಡಿ ಎನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಗಂಟು ಹಾಕುವುದಿಲ್ಲ, ಕೊಂಡಿ ಹಾಕುತ್ತಾರೆ. ಮಗ್ಗದ ಮನೆಯ ಹೆಣ್ಣುಮಕ್ಕಳು ಅಕ್ಷರಕ್ಕಿಂತ ಮುಂಚೆ ಇದನ್ನು ಕಲಿಯುತ್ತಾರೆ, ಕಲಿತ ಮೇಲೆ ಜೀವಮಾನವಿಡೀ ಬೇರೆ ಗಂಟು ಹಾಕುವುದಿಲ್ಲ. ಹರಿದ ಚೀಲದ ಹಿಡಿಕೆಗೂ ಕೊಂಡಿ, ತೊಟ್ಟಿಲ ಹಗ್ಗಕ್ಕೂ ಕೊಂಡಿ. ಕೋಠಿಯ ಬೈಂಡರುಗಳಲ್ಲಿ ಯಾರಿಗೂ ಇದು ಬಾರದು.

ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ನನ್ನ ಶಿವದಾರ. ಹೋದ ತಿಂಗಳು ಹರಿದಿತ್ತು, ಅವ್ವ ಕೂಡಿಸಿಕೊಟ್ಟಿದ್ದಳು. ಬೆರಳಾಡಿಸಿದೆ. ಎಲ್ಲಿ ಕೂಡಿದೆ ಎಂದು ತಿಳಿಯಲಿಲ್ಲ.

ಮೂರು ದಿನ ಕಲ್ಲಿನ ಅಡಿ. ಅಪ್ಪ ಬೆಲೆಯುಳ್ಳ ಪುಸ್ತಕವನ್ನು ಅಂಗಡಿಯಲ್ಲಿ ಬಿಡುತ್ತಿರಲಿಲ್ಲ, ಮನೆಗೆ ತರುತ್ತಿದ್ದ. ಕಲ್ಲು ಎಂದರೆ ಅವ್ವನ ಬೀಸುಕಲ್ಲು.

ಮೇಜಿನ ಮೇಲೆ ಆ ಒಂಟಿ ಹಾಳೆ ಬಿದ್ದಿತ್ತು. ಅದರ ಕಡೆಯ ಸಾಲು ನನಗೆ ಬಾಯಿಪಾಠ. ಹನ್ನೊಂದನೆಯ ಮಗು ಥಾಮಸ್. ದೊಡ್ಡ ಹಿಮ ಬಿದ್ದ ವರ್ಷ ಹುಟ್ಟಿ ಹನ್ನೊಂದು ದಿನ ಬದುಕಿದ್ದು. ‘ಅವನು ಇರಲೇ ಇಲ್ಲವೆಂದು ಯಾರೂ ಹೇಳದಿರಲಿ’ ಎಂದು ಬರೆದಿದ್ದಳು ಡೊರೊಥಿ. ಪುಸ್ತಕ ಮನೆಯಲ್ಲಿದ್ದಾಗ ಅಪ್ಪ ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದನಂತೆ. ಇನ್ನೊಂದ್ಸಲ ಓದ್ರಿ ಎಂದು ಅವ್ವ ಕೇಳಿದ್ದಳಂತೆ. ಅಪ್ಪ ಜಾಮೀನಿನ ಮೇಲೆ ಬಂದಾಗ ನನಗೆ ಹೇಳಿದ್ದ, ಅವಳನ್ನು ಎಂಥದ್ದೋ ಒಂದು ನೋಟ ನೋಡುತ್ತ. ಆ ನೋಟ ನನಗೆ ಆವಾಗ ತಿಳಿದಿರಲಿಲ್ಲ.

ತಮ್ಮನ ಹೆಸರಿದ್ದ ಹಾಳೆಯನ್ನು ಒಬ್ಬ ಹರಿದ. ಅವನಿಗೆ ಜೀವಕ್ಕಿಂತ ಹೆಚ್ಚಾದ ಹಾಳೆಯನ್ನು ಅವ್ವ ತೆಗೆದಳು. ನಡುವೆ ಅಪ್ಪ ಸಿಕ್ಕಿಕೊಂಡ. ಗೊತ್ತಿದ್ದೂ, ಹನ್ನೊಂದು ತಿಂಗಳು, ಬಾಯಿ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಆ ಹಸಿರು ಅಂಟು ಅಮರಯ್ಯನ ಅಂಗಡಿಯದೆಂದು ಮೂಸಿ ಹೇಳಿದ ಜಾಣೆ ನಾನು. ಅಂಗಡಿಗೆ ಹೋಗುವ ಮುಂಚೆ ಅದು ಎಲ್ಲಿರುತ್ತದೆ ಎಂದು ಯೋಚಿಸಲಿಲ್ಲ.

ಬೆನ್ನ ಹಿಂದೆ ವೀರಭದ್ರಪ್ಪನವರು ಕೆಮ್ಮಿದರು. ನೋಡಿ ನೋಡಿ ಅವರಿಗೂ ತಿಳಿದಿತ್ತು, ಕಡೆಯ ಕೂಡಿಕೆ ಉಳಿದ ಐದರ ಹಾಗಿಲ್ಲ, ಬೇರೆ ಕೈ ಎಂದು. ಹಾಳೆ ತೆಗೆದವನು ಗುರುಶಾಂತನಲ್ಲ, ಅಷ್ಟು ಸಾಕು ತನಗೆ, ತಾನು ಮಾತಿಗೆ ತಪ್ಪುವುದಿಲ್ಲ ಎಂದರು. ಕುರ್ಚಿ ಎಳೆದುಕೊಂಡು ಕೂತು, ಬರೆದುಕೊಟ್ಟ ಕಾಗದವನ್ನು ಮುಂದಿಟ್ಟುಕೊಂಡು, ಪೆನ್ನಿನ ಟೋಪಿ ತೆಗೆದರು. ಕಣ್ಣು ಒದ್ದೆಯಾಗಿತ್ತು. ಅಪ್ಪನಿಗಾಗಿ ಅವರು ಅಳುವುದನ್ನು ನೋಡಬೇಕೆಂದು ಹನ್ನೆರಡು ವರ್ಷ ಬೇಡಿಕೊಂಡಿದ್ದೆ. ಈಗ ಅದು ಎದುರಿಗಿತ್ತು, ನನಗೆ ಬೇಡವಾಗಿತ್ತು.

“ನಿನ್ನ ಮುಖ ನೋಡಿದ್ರ ಕೈ ಗುರ್ತು ಸಿಕ್ಕಂಗ ಐತಿ. ಹೇಳು, ತಂಗಿ. ಈ ಖಾಲಿ ಸಾಲಿನ್ಯಾಗ ಯಾರ ಹೆಸರು ಬರೀಲಿ?”

ಬಾಯಿ ಒಣಗಿತ್ತು. ಆರಿದ ಚಹಾದ ಕಪ್ಪನ್ನು ಎತ್ತಿ ಒಂದು ಗುಟುಕು ಕುಡಿದೆ. ಆ ಮನೆಯದು ಎನ್ನುವುದು ಕುಡಿದ ಮೇಲೆ ನೆನಪಾಯಿತು.

ಚೀಲದಲ್ಲಿ ಫೋನು ಅದುರಿತು. ಅವ್ವ. ಕರೆ ಕಡಿಯಲು ಹೋದ ಬೆರಳು ಕರೆ ತೆಗೆದುಕೊಂಡಿತು. ಅತ್ತ ಕಡೆ ಅಂಟು ಕುದಿಯುವ ಸದ್ದು ಸಣ್ಣಗೆ ಕೇಳುತ್ತಿತ್ತು. ಅವಳ ದನಿ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

“ಊಟಾ ಮಾಡಿದಿ?” ಎಂದಳು. ನಾನು ಟಾರ್ಚು ಆರಿಸಿದೆ. ಆಮೇಲೆ ಕೇಳಿದಳು.

“ಬೆನ್ನಿನ ಹೊಲಿಗಿ ಎತ್ತಿ ನೋಡಿದ್ಯೇನವ್ವಾ?”